ಕಲಿಯುವವರಿಗೊಂದು ಹಳೇ ಬೈಕು: ಕಡಿಮೆ ದುಡ್ಡಿನಲ್ಲಿ ಆರಿಸಿಕೊಳ್ಳುವುದು ಹೇಗೆ?

ಹೊಸದಾಗಿ ಬೈಕು ಕಲಿಯುವವರು ಗಾಡಿ ಬೀಳಿಸದೆ ಕಲಿಯುವುದು ಅಪರೂಪ. ಅದೂ ವೇಗದಲ್ಲಿ ಹೋಗುವಾಗಲ್ಲ; ಮನೆ ಮುಂದೆ ತಿರುಗಿಸುವಾಗ, ಇಳಿಜಾರಿನಲ್ಲಿ ಕಾಲು ನೆಲಕ್ಕೆ ಸಿಗದಿದ್ದಾಗ, ಸೈಡ್ ಸ್ಟ್ಯಾಂಡ್ ಸರಿಯಾಗಿ ಬಿತ್ತು ಅಂದುಕೊಂಡು ಇಳಿದಾಗ. ಕ್ಲಚ್ ಲಿವರ್ ಮುರಿಯುತ್ತದೆ, ಇಂಡಿಕೇಟರ್ ಒಡೆಯುತ್ತದೆ, ಲೆಗ್ ಗಾರ್ಡ್ ಗೀಚಿಕೊಳ್ಳುತ್ತದೆ. ಶೋರೂಮಿನಿಂದ ಮೊನ್ನೆ ತಂದ ಗಾಡಿಗೆ ಹೀಗಾದರೆ ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಮಾತಾಡುವುದಿಲ್ಲ. ಹಳೇ ಸ್ಪ್ಲೆಂಡರ್‌ಗೆ ಆದರೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಒಂದು ಸಲ ಹೋಗಿ ಬಂದರೆ ಮುಗಿಯಿತು.

ಆದರೆ ಹಳೇ ಗಾಡಿಯಲ್ಲಿ ಬೇರೊಂದು ತೊಡಕಿದೆ. ಓಡಿಸಿ ಪಳಗಿದವರಿಗೆ ಕ್ಲಚ್ ಸ್ಲಿಪ್ ಆಗುತ್ತಿದೆ, ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತಿದೆ ಎಂಬುದು ನೂರು ಮೀಟರ್ ಹೋಗುವಷ್ಟರಲ್ಲಿ ಗೊತ್ತಾಗುತ್ತದೆ. ಕಲಿಯುವವರಿಗೆ ಗೊತ್ತಾಗುವುದಿಲ್ಲ. ಸಿಗ್ನಲ್‌ನಲ್ಲಿ ಪದೇ ಪದೇ ಎಂಜಿನ್ ಆಫ್ ಆದರೆ ‘ನನಗೆ ಕ್ಲಚ್ ಬಿಡಲು ಬರುವುದಿಲ್ಲ’ ಎಂದುಕೊಳ್ಳುತ್ತಾರೆ. ಕೆಟ್ಟಿರುವುದು ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಮುಟ್ಟದಿದ್ದಾಗಲೂ ಎಂಜಿನ್ ನಿಲ್ಲದೆ ಓಡುತ್ತಿರುವುದು, ಆಗಿರುತ್ತದೆ. ತಪ್ಪು ತಮ್ಮದೋ ಗಾಡಿಯದೋ ತಿಳಿಯದೆ ಧೈರ್ಯ ಕಳೆದುಕೊಂಡು ಮತ್ತೆ ಸ್ಕೂಟಿಗೆ ಮರಳಿದವರು ಬೇಕಾದಷ್ಟಿದ್ದಾರೆ. ಹೀಗಾಗಿ ಈ ಲೇಖನದಲ್ಲಿ ಮೈಲೇಜು, ಬಣ್ಣ, ಟಾಪ್ ಸ್ಪೀಡು ಹಿಂದಿನ ಸಾಲಿನಲ್ಲಿವೆ. ಕ್ಲಚ್, ಐಡ್ಲಿಂಗ್, ಬ್ರೇಕು, ನೆಟ್ಟಗಿರುವ ಚಾಸಿಸ್, ಇವು ಮುಂದಿನ ಸಾಲಿನಲ್ಲಿ.

1. ಮೊದಲು ದುಡ್ಡನ್ನು ಎರಡು ಪಾಲು ಮಾಡಿ

ಕೈಯಲ್ಲಿ 40,000 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಆಗ 40,000ದ ಗಾಡಿ ಹುಡುಕಬೇಡಿ, 30,000ದ್ದು ಹುಡುಕಿ. ಉಳಿದ ಹತ್ತು ಸಾವಿರ ಗಾಡಿ ಮನೆಗೆ ಬಂದ ಮೊದಲ ತಿಂಗಳಲ್ಲೇ ಖರ್ಚಾಗುತ್ತದೆ. ಹೆಲ್ಮೆಟ್, ಇನ್ಶೂರೆನ್ಸ್, ಹೆಸರು ಬದಲಾವಣೆ, ಎಂಜಿನ್ ಆಯಿಲ್, ಕ್ಲಚ್ ಕೇಬಲ್, ಬ್ರೇಕ್ ಶೂ ಇಷ್ಟಂತೂ ಖಂಡಿತ. ಟೈರೋ ಬ್ಯಾಟರಿಯೋ ಚೈನ್ ಸ್ಪ್ರಾಕೆಟ್ಟೋ, ಮೂರರಲ್ಲಿ ಒಂದು ಸಾಮಾನ್ಯವಾಗಿ ಬಂದೇ ಬರುತ್ತದೆ.

ಹೆಲ್ಮೆಟ್ ದುಡ್ಡನ್ನು ಎಲ್ಲಕ್ಕಿಂತ ಮೊದಲು ತೆಗೆದಿಡಿ. ಐಎಸ್ಐ ಮುದ್ರೆಯ ಜೊತೆಗೆ ಐಎಸ್ 4151 ಎಂಬ ಸಂಖ್ಯೆ ಇರುವುದೇ ಆಗಬೇಕು. ರಸ್ತೆ ಬದಿಯಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುವ ಟೊಪ್ಪಿಗೆಯಂಥವು ಪೊಲೀಸರ ಕಣ್ಣಿಗೆ ಮಾತ್ರ ಹೆಲ್ಮೆಟ್.

ಚೌಕಾಸಿಗೆ ಒಂದು ಆಧಾರವನ್ನೂ ಇಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಹೊಸ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದಾಗ ಹಳೆಯದರದ್ದೂ ಇಳಿಯಬೇಕು. ಮಾರುವವರು ಇನ್ನೂ ಹಳೇ ಆನ್‌ರೋಡ್ ದರವನ್ನೇ ಹೇಳಿ ‘ಅರ್ಧಕ್ಕೆ ಕೊಡ್ತಿದೀನಿ’ ಅಂದರೆ, ಶೋರೂಮಿನ ಇವತ್ತಿನ ದರಪಟ್ಟಿ ಫೋನಿನಲ್ಲಿ ತೋರಿಸಿ.

2. ಯಾವ ಗಾಡಿ?

100ರಿಂದ 125 ಸಿಸಿ, ನಿಮ್ಮೂರಿನ ಮೂಲೆ ಗ್ಯಾರೇಜಿನಲ್ಲೂ ರಿಪೇರಿ ಆಗುವಂಥದ್ದು. ಹೀರೋ ಸ್ಪ್ಲೆಂಡರ್, ಎಚ್‌ಎಫ್ ಡೀಲಕ್ಸ್, ಪ್ಯಾಷನ್, ಬಜಾಜ್ ಪ್ಲಾಟಿನಾ, ಸಿಟಿ 100, ಟಿವಿಎಸ್ ಸ್ಟಾರ್ ಸಿಟಿ, ಸ್ಪೋರ್ಟ್, ರೇಡಿಯಾನ್, ಹೋಂಡಾ ಶೈನ್. ಪಟ್ಟಿ ನೀರಸವಾಗಿದೆ, ನಿಜ. ಕಲಿಕೆಗೆ ಬೇಕಾದ್ದೂ ಇಂಥ ನೀರಸ ಗಾಡಿಯೇ. ಸ್ಪ್ಲೆಂಡರ್ ಪ್ಲಸ್‌ನ ತೂಕ ಹೆಚ್ಚುಕಡಿಮೆ 112 ಕೆಜಿ, ಸೀಟಿನ ಎತ್ತರ 785 ಮಿ.ಮೀ. ಪಲ್ಸರ್ 150 ಆದರೆ 140 ಕೆಜಿ ದಾಟುತ್ತದೆ. ಓಡುವಾಗ ಈ ವ್ಯತ್ಯಾಸ ತಿಳಿಯುವುದಿಲ್ಲ. ಬಿದ್ದ ಗಾಡಿಯನ್ನು ಒಬ್ಬರೇ ಎತ್ತುವಾಗ ಚೆನ್ನಾಗಿ ತಿಳಿಯುತ್ತದೆ.

ಸೀಟಿನ ಎತ್ತರವನ್ನು ಅಂಕಿಯಲ್ಲಿ ನೋಡಿ ತೀರ್ಮಾನಿಸಬೇಡಿ, ಕೂತು ನೋಡಿ. ಎರಡೂ ಪಾದಗಳ ಮುಂಭಾಗವಾದರೂ ನೆಲಕ್ಕೆ ಗಟ್ಟಿಯಾಗಿ ತಾಗಬೇಕು. ಎತ್ತರ ಕಡಿಮೆಯಿರುವ ಹೆಣ್ಣುಮಕ್ಕಳಿಗೆ ‘ಬೈಕು ಆಗಲ್ಲ ಬಿಡಮ್ಮ, ಆಕ್ಟಿವಾ ತಗೊ’ ಎನ್ನುವವರು ಸುತ್ತ ಇದ್ದೇ ಇರುತ್ತಾರೆ. ಬಹಳಷ್ಟು ಸಲ ಸೀಟಿನ ಫೋಮ್ ಸ್ವಲ್ಪ ಕೊಯ್ಯಿಸಿ ಹೊಲಿಸಿದರೆ ಸಾಕಾಗುತ್ತದೆ. ಸೀಟ್ ಕವರ್ ಅಂಗಡಿಯವರಿಗೆ ಇದು ದಿನದ ಕೆಲಸ.

ಗೇರಿನ ಕ್ರಮವನ್ನೂ ಕೇಳಿಕೊಳ್ಳಿ. ಕೆಲವು ಸಣ್ಣ ಗಾಡಿಗಳಲ್ಲಿ ಎಲ್ಲ ಗೇರೂ ಮುಂದಕ್ಕೆ ತುಳಿದರೆ ಬೀಳುತ್ತವೆ. ಪಲ್ಸರ್‌ನಂಥವುಗಳಲ್ಲಿ ಮೊದಲನೆಯದು ಕೆಳಕ್ಕೆ, ಉಳಿದವು ಮೇಲಕ್ಕೆ. ಎರಡೂ ಕಲಿಯಬಹುದು. ಆದರೆ ಕಲಿಸುವ ಅಣ್ಣನ ಗಾಡಿ ಒಂದು ಕ್ರಮ, ನಿಮ್ಮದು ಇನ್ನೊಂದು ಆದರೆ ಮೊದಲ ಎರಡು ವಾರ ಕಾಲಿಗೆ ಗಲಿಬಿಲಿ.

ವರ್ಷದ ವಿಷಯದಲ್ಲಿ ನನಗೊಂದು ಖಚಿತ ಆಯ್ಕೆ ಇದೆ: 2019ರ ಏಪ್ರಿಲ್‌ನಿಂದ 2020ರ ಮಾರ್ಚ್‌ವರೆಗೆ ತಯಾರಾದ 100-125 ಸಿಸಿ ಗಾಡಿಗಳು. ಕಾರಣ ಹೇಳುತ್ತೇನೆ. 2020ರ ಏಪ್ರಿಲ್ 1ಕ್ಕೆ ಬಿಎಸ್-6 ಎಂಬ ಹೊಸ ಹೊಗೆ ನಿಯಮ ಬಂತು. ಅದಕ್ಕೆ ಮುಂಚಿನ ಸಣ್ಣ ಗಾಡಿಗಳಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇದೆ, ಹಳ್ಳಿಯ ಮೆಕ್ಯಾನಿಕ್ಕೂ ಬಿಚ್ಚಿ ಕ್ಲೀನ್ ಮಾಡಿ ಕೊಡುತ್ತಾನೆ. ನಂತರದ ಬಹುಪಾಲು ಗಾಡಿಗಳು ಫ್ಯುಯೆಲ್ ಇಂಜೆಕ್ಷನ್‌ನವು, ಸೆನ್ಸರ್ ಕೈಕೊಟ್ಟರೆ ಸ್ಕ್ಯಾನರ್ ಇರುವ ಕಡೆಗೇ ಹೋಗಬೇಕು. ಅತ್ತ 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೆ ಸಿಬಿಎಸ್ ಕಡ್ಡಾಯವಾಯಿತು. ಹಿಂದಿನ ಬ್ರೇಕು ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುವ ಏರ್ಪಾಡು ಅದು. ಹೊಸಬರು ಗಾಬರಿಯಲ್ಲಿ ಕಾಲಿನ ಬ್ರೇಕನ್ನು ಮಾತ್ರ ತುಳಿಯುವುದರಿಂದ ಅವರಿಗೆ ಇದು ತುಂಬಾ ಉಪಕಾರಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಕೂಡ ಅದೇ ಏಪ್ರಿಲ್‌ನಿಂದ ಹೊಸ ಗಾಡಿಗಳ ಜೊತೆಗೇ ಬಂತು. ಈ ಒಂದು ವರ್ಷದ ಗಾಡಿ ಸಿಗದಿದ್ದರೆ 2017ರ ನಂತರದ್ದು ನೋಡಿ.

ತೀರಾ ಹಳೆಯದಕ್ಕೆ ಹೋಗಬೇಡಿ. ನೋಂದಣಿಯ ಅವಧಿ 15 ವರ್ಷ. ಆಮೇಲೆ ತಪಾಸಣೆ ಮಾಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದರ ಶುಲ್ಕ, ಹಸಿರು ತೆರಿಗೆ ಎಲ್ಲ ಸೇರಿ ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದಿಲ್ಲ. ಹೀರೋ ಮತ್ತು ಹೋಂಡಾ ಬೇರೆಯಾಗಿ 2011ರಲ್ಲಿ ಕಂಪನಿಯ ಹೆಸರೇ ಬದಲಾಯಿತು. ಟ್ಯಾಂಕಿನ ಮೇಲೆ ‘ಹೀರೋ ಹೋಂಡಾ’ ಎಂದು ಒಟ್ಟಿಗೆ ಬರೆದಿದ್ದರೆ ಗಾಡಿ ಆ ಗಡಿಯ ಹತ್ತಿರ ಇದೆ, ಇಲ್ಲವೇ ದಾಟಿದೆ ಎಂದರ್ಥ. ಯಮಹಾ ಆರ್‌ಎಕ್ಸ್ 100, ಮೈಸೂರಿನ ಯೆಜ್ಡಿ ಇವುಗಳ ಮೇಲೆ ಮನಸ್ಸಿದ್ದರೆ ಕಲಿತ ಮೇಲೆ ನೋಡಿ. ಅವುಗಳ ಬೆಲೆ ಈಗ ಲೋಹದ್ದಲ್ಲ, ನೆನಪಿನದು.

3. ನೋಡಲು ಹೊರಡುವ ಮೊದಲು ಫೋನಿನಲ್ಲೇ ಮುಗಿಸುವ ಕೆಲಸ

ಗಾಡಿ ಕಣ್ಣಿಗೆ ಬಿದ್ದ ಮೇಲೆ ಮನಸ್ಸು ಕಾಗದದ ಕಡೆ ಹೋಗುವುದಿಲ್ಲ. ಆದ್ದರಿಂದ ನೋಂದಣಿ ಸಂಖ್ಯೆ ಮೊದಲೇ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಎಂಪರಿವಾಹನ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿದರೆ ನೋಂದಣಿ ದಿನಾಂಕ, ಎಲ್ಲಿಯವರೆಗೆ ಚಾಲ್ತಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಸಾಲ ಇದೆಯೇ ಎಂಬುದೆಲ್ಲ ಕಾಣುತ್ತದೆ. ಮಾಲೀಕರ ಹೆಸರು ಪೂರ್ತಿ ಕಾಣದಿದ್ದರೂ ಮಾರುವವರ ಹೆಸರಿನ ಜೊತೆ ಹೊಂದುತ್ತದೋ ಇಲ್ಲವೋ ತಿಳಿಯುವಷ್ಟು ಅಕ್ಷರ ಕಾಣುತ್ತವೆ.

ಇನ್ಶೂರೆನ್ಸ್ ಬಗ್ಗೆ ಒಂದು ಸೂಕ್ಷ್ಮ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕಾಗಿತ್ತು. ಅಂದರೆ ನಾನು ಮೇಲೆ ಹೊಗಳಿದ 2019-20ರ ಗಾಡಿಗಳ ವಿಮೆ 2024-25ರಲ್ಲಿ ಮುಗಿದಿದೆ. ಐದು ವರ್ಷ ಆ ಕಡೆ ತಲೆಯೇ ಹಾಕದ ಮಾಲೀಕರು ಅನೇಕರು ಮತ್ತೆ ಕಟ್ಟುವುದನ್ನೂ ಮರೆತಿರುತ್ತಾರೆ. ಇದಕ್ಕಾಗಿ ಗಾಡಿ ಬಿಡಬೇಕಾಗಿಲ್ಲ. 75ರಿಂದ 150 ಸಿಸಿ ಗಾಡಿಯ ಒಂದು ವರ್ಷದ ಥರ್ಡ್ ಪಾರ್ಟಿ ದರ 2022ರ ನಿಗದಿಯಂತೆ 714 ರೂಪಾಯಿ, ಮೇಲೆ ತೆರಿಗೆ. ಆದರೆ ವಿಮೆ ಇಲ್ಲದ ಗಾಡಿಯನ್ನು ಟ್ರಯಲ್‌ಗೂ ರಸ್ತೆಗಿಳಿಸಬೇಡಿ, ಮತ್ತು ಬೆಲೆ ಮಾತಾಡುವಾಗ ಇದನ್ನು ಎತ್ತಲು ಮರೆಯಬೇಡಿ.

ಅದೇ ಕೂತಲ್ಲಿ ಟ್ರಾಫಿಕ್ ದಂಡವನ್ನೂ ನೋಡಿ. ಬೆಂಗಳೂರಿನಲ್ಲಿ ಕ್ಯಾಮೆರಾಗಳು ಬಂದ ಮೇಲೆ ಗಾಡಿಯ ಬೆಲೆಗಿಂತ ದಂಡವೇ ಜಾಸ್ತಿಯಾದ ಸ್ಕೂಟರುಗಳ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. 2023ರ ಫೆಬ್ರವರಿಯಲ್ಲೂ 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲೂ ಸರ್ಕಾರ ಅರ್ಧ ದಂಡದ ರಿಯಾಯಿತಿ ಕೊಟ್ಟಿತ್ತು; ಆಗಲೂ ಕಟ್ಟದವರು ಈಗ ನಿಮ್ಮ ತಲೆಗೆ ಕಟ್ಟಲು ನೋಡಬಹುದು. ಬಾಕಿ ಸೊನ್ನೆಯಾದ ಮೇಲೆಯೇ ದುಡ್ಡು.

ಕೆಲವು ಸಂದರ್ಭಗಳಲ್ಲಿ ತಡೆದು ನಿಲ್ಲಬೇಕು:

ಆರ್‌ಸಿಯಲ್ಲಿ ಬ್ಯಾಂಕಿನದೋ ಫೈನಾನ್ಸಿನದೋ ಹೆಸರಿದ್ದರೆ, ಸಾಲ ತೀರಿದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಫಾರಂ 35 ಮಾರುವವರ ಕೈಯಲ್ಲಿ ಇರಬೇಕು. ‘ಕಂತು ಮುಗ್ದಿದೆ ಸಾರ್, ಲೆಟರ್ ತರ್ಬೇಕು ಅಷ್ಟೆ’ ಎಂದರೆ, ತಂದ ಮೇಲೆ ಮಾತಾಡೋಣ ಎನ್ನಿ.

ಮಾಲೀಕರು ತೀರಿಕೊಂಡಿದ್ದು ಮಗನೋ ತಮ್ಮನೋ ಮಾರುತ್ತಿದ್ದರೆ, ಮೊದಲು ಫಾರಂ 31ರ ಮೂಲಕ ಗಾಡಿ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ನಿಮಗೆ. ಊರುಗಳಲ್ಲಿ ಇದು ತುಂಬ ಸಾಮಾನ್ಯ, ಮೋಸವೂ ಅಲ್ಲ. ಆದರೆ ಅವಸರಕ್ಕೆ ಬಿದ್ದು ಕೊಂಡರೆ ಹೆಸರು ಬದಲಾಯಿಸಲು ವರ್ಷಗಟ್ಟಲೆ ಅಲೆದಾಟ.

ಹೊಸೂರು, ಪುದುಚೇರಿ, ಕಾಸರಗೋಡು ಕಡೆಯ ಬೇರೆ ರಾಜ್ಯದ ಗಾಡಿ ಅಗ್ಗಕ್ಕೆ ಸಿಗುತ್ತದೆ. 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಆ ರಾಜ್ಯದ ಎನ್‌ಒಸಿ ತಂದು, ಇಲ್ಲಿ ಮರುನೋಂದಣಿ ಮಾಡಿಸಿ, ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ಮೂವತ್ತು ಸಾವಿರದ ಗಾಡಿಗೆ ಇಷ್ಟೆಲ್ಲ ಪಡಿಪಾಟಲು ಲಾಭವಲ್ಲ.

ಇನ್ನು ‘ಕಾಗದ ಕಳೆದುಹೋಗಿದೆ, ತೋಟಕ್ಕೆ ಓಡಾಡೋಕೆ ಸಾಕಲ್ವಾ’ ಎಂದು ಐದಾರು ಸಾವಿರಕ್ಕೆ ಬರುವ ಗಾಡಿಗಳು. ನಗರದಲ್ಲಿ ಕದ್ದ ಬೈಕುಗಳಿಗೆ ಹೀಗೆ ಕೊಳ್ಳುವವರೇ ಮಾರುಕಟ್ಟೆ. ಕದ್ದ ಮಾಲನ್ನು ತಿಳಿದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ನಿನಲ್ಲಿ ಅಪರಾಧ.

4. ಗಾಡಿ ಎಲ್ಲಿ ಬಾಳಿತ್ತು?

ನಂಬರ್ ಪ್ಲೇಟಿನ ಮೊದಲ ಅಂಕಿಗಳು ಬರೀ ಆರ್‌ಟಿಒ ಗುರುತಲ್ಲ, ಎಲ್ಲಿ ಕೈ ಹಾಕಿ ನೋಡಬೇಕು ಎಂಬ ಸುಳಿವೂ ಹೌದು. ಕೆಎ-19, 20, 30, ಅಂದರೆ ಮಂಗಳೂರು, ಉಡುಪಿ, ಕಾರವಾರದ ಗಾಡಿಗಳಿಗೆ ಉಪ್ಪುಗಾಳಿ ಮತ್ತು ಮಳೆ. ಬಣ್ಣ ಚೆನ್ನಾಗಿದ್ದರೂ ಸೈಲೆನ್ಸರಿನ ಅಡಿ, ಮಡ್‌ಗಾರ್ಡಿನ ಒಳಮೈ, ಬ್ಯಾಟರಿ ಪೆಟ್ಟಿಗೆಯ ತಳ, ಡಬಲ್ ಸ್ಟ್ಯಾಂಡಿನ ಬುಡ ತುಕ್ಕು ತಿಂದಿರುತ್ತದೆ. ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಓಡಿದ್ದಾದರೆ ಬ್ರೇಕು, ಕ್ಲಚ್ ಪ್ಲೇಟು, ಹಿಂದಿನ ಶಾಕ್ ಅಬ್ಸಾರ್ಬರ್ ಸವೆದಿರುತ್ತವೆ; ಏರಿನಲ್ಲಿ ಅರ್ಧ ಕ್ಲಚ್, ಇಳಿಜಾರಿನಲ್ಲಿ ಬ್ರೇಕು, ಅದೇ ಅದರ ಜೀವನ.

ಬಯಲುಸೀಮೆ, ಉತ್ತರ ಕರ್ನಾಟಕದ ಗಾಡಿಗಳಿಗೆ ತುಕ್ಕು ಕಡಿಮೆ. ಅವು ಹೊರುವ ಭಾರ ಬೇರೆ. ಹಿಂದೆ ಗೊಬ್ಬರದ ಚೀಲ, ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು ಮಣ್ಣು ರಸ್ತೆಯಲ್ಲಿ ಓಡಿದ್ದರೆ ಹಿಂದಿನ ರಿಮ್ಮು ಓರೆಯಾಗಿರುತ್ತದೆ, ಕಡ್ಡಿಗಳು ಸಡಿಲವಾಗಿರುತ್ತವೆ, ಏರ್ ಫಿಲ್ಟರ್ ದಾಟಿ ಹೋದ ಧೂಳು ಎಂಜಿನ್ನಿನ ರಿಂಗು ಸವೆಸಿರುತ್ತದೆ. ಬೆಂಗಳೂರಿನ ಗಾಡಿಯಲ್ಲಿ ಮೀಟರ್ ಕಡಿಮೆ ಓಡಿದ್ದರೂ ಎಂಜಿನ್ ಹೆಚ್ಚು ದುಡಿದಿರುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಹೊತ್ತು ಯಾವ ರೀಡಿಂಗಿನಲ್ಲೂ ಕಾಣುವುದಿಲ್ಲ.

ಒಟ್ಟಾರೆ ರೀಡಿಂಗನ್ನು ನಂಬಿ ಲೆಕ್ಕ ಹಾಕಬೇಡಿ. ಸ್ಪೀಡೋಮೀಟರ್ ಕೇಬಲ್ ತುಂಡಾದ ಗಾಡಿಗೆ ವಯಸ್ಸೇ ಆಗುವುದಿಲ್ಲ. ಗೇರ್ ಲಿವರ್‌ನ ರಬ್ಬರು, ಫುಟ್‌ರೆಸ್ಟ್, ಕೈ ಹಿಡಿಯುವ ಗ್ರಿಪ್, ಕಿಕ್ಕರಿನ ತುದಿ ಎಷ್ಟು ಸವೆದಿವೆ ನೋಡಿ. ಮೀಟರಿನಲ್ಲಿ 18,000, ಬ್ರೇಕ್ ಪೆಡಲ್ ಮಾತ್ರ ನುಣ್ಣಗೆ ಹೊಳೆಯುತ್ತಿದೆ ಎಂದರೆ ಪೆಡಲ್ಲೇ ನಿಜ.

ಜಾಹೀರಾತುಗಳಲ್ಲಿ ಬರುವ ಗಾಡಿಗಳೆಲ್ಲ ಒಂದೋ ಡಾಕ್ಟರು ಓಡಿಸಿದ್ದು, ಇಲ್ಲವೇ ಮೇಷ್ಟ್ರು ಓಡಿಸಿದ್ದು. ನಮ್ಮ ರಾಜ್ಯದಲ್ಲಿ ಇಷ್ಟೊಂದು ಡಾಕ್ಟರುಗಳು ಸ್ಪ್ಲೆಂಡರ್‌ನಲ್ಲಿ ಓಡಾಡುತ್ತಿದ್ದಾರೆ ಎಂಬುದು ಸಂತೋಷದ ವಿಷಯವೇ.

5. ನೋಡುವಾಗ: ತಣ್ಣಗಿರುವ ಎಂಜಿನ್, ಹಗಲು ಬೆಳಕು

ಬೆಳಿಗ್ಗೆ ಹೋಗಿ, ‘ನಾನು ಬರೋವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿ ಹೋಗಿ. ಹೋದ ಕೂಡಲೇ ಎಂಜಿನ್ನಿನ ಮೇಲೆ ಕೈಯಿಡಿ. ಬಿಸಿಯಿದ್ದರೆ ಯಾರೋ ಕಷ್ಟಪಟ್ಟು ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಟೀ ಕುಡಿದು ಬನ್ನಿ, ತಣಿಯಲಿ. ಜೊತೆಗೆ ಗೊತ್ತಿರುವ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗುವುದು ಒಳ್ಳೆಯದು. ಅವನ ಅರ್ಧ ದಿನದ ಕೂಲಿ ಕೊಟ್ಟೇ ಕರೆದೊಯ್ಯಿರಿ. ಪುಕ್ಕಟೆ ಬಂದವನಿಗೆ ಮಾರುವವರ ಕಡೆಯಿಂದ ಕಮಿಷನ್ ಬರುವ ಸಾಧ್ಯತೆ ಇರುತ್ತದೆ.

ಮೊದಲು ಆರ್‌ಸಿ ಕಾರ್ಡು ಕೈಗೆ ತಗೊಂಡು ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ ಎರಡನ್ನೂ ಗಾಡಿಯ ಮೇಲಿನದರ ಜೊತೆ ಅಕ್ಷರ ಅಕ್ಷರ ಹೋಲಿಸಿ. ಚಾಸಿಸ್ ಸಂಖ್ಯೆ ಹ್ಯಾಂಡಲಿನ ಕುತ್ತಿಗೆಯ ಹತ್ತಿರ, 17 ಅಕ್ಷರಗಳದ್ದು. ಕೊಳೆ ಒರೆಸಿ ನೋಡಿ. ಅಂಕಿಗಳ ಸುತ್ತ ಉಜ್ಜಿದ ಗುರುತೋ ಬೇರೆ ಬಣ್ಣವೋ ಕಂಡರೆ ಮುಂದಿನ ಮಾತೇ ಬೇಡ.

ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ, ಕುಕ್ಕರಗಾಲಿನಲ್ಲಿ ಕೂತು ನೋಡಿ. ಹ್ಯಾಂಡಲ್ ನೇರ ಹಿಡಿದಾಗ ಮುಂದಿನ ಚಕ್ರ, ಹಿಂದಿನ ಚಕ್ರ ಒಂದೇ ಗೆರೆಯಲ್ಲಿರಬೇಕು. ಪಕ್ಕದಿಂದ ನೋಡಿದಾಗ ಎರಡೂ ಫೋರ್ಕು (ಮುಂದಿನ ಚಕ್ರ ಹಿಡಿದಿರುವ ಕೊಳವೆಗಳು) ಸಮಾನಾಂತರವಾಗಿರಬೇಕು. ಎದುರಿನಿಂದ ಗುದ್ದಿದ ಗಾಡಿಯ ಫೋರ್ಕು ಸ್ವಲ್ಪ ಹಿಂದಕ್ಕೆ ಬಾಗಿರುತ್ತದೆ, ಚಕ್ರ ಎಂಜಿನ್ನಿಗೆ ಹತ್ತಿರ ಬಂದಿರುತ್ತದೆ. ಹ್ಯಾಂಡಲನ್ನು ಕೊನೆಯವರೆಗೆ ತಿರುಗಿಸಿದಾಗ ತಡೆಯುವ ಸಣ್ಣ ಕಬ್ಬಿಣದ ಗಟ್ಟಿಗಳು ಕುತ್ತಿಗೆಯ ಕೆಳಗಿರುತ್ತವೆ. ಅವು ಜಜ್ಜಿದ್ದರೆ, ಅಲ್ಲಿ ಬಣ್ಣ ಒಡೆದಿದ್ದರೆ ದೊಡ್ಡ ಪೆಟ್ಟು ಬಿದ್ದಿದೆ. ಉಳಿದದ್ದೆಲ್ಲ ಹಳೆಯದಿದ್ದು ಲೆಗ್ ಗಾರ್ಡ್, ಹೆಡ್‌ಲೈಟ್ ಮಾತ್ರ ಹೊಚ್ಚಹೊಸದಿದ್ದರೆ ಯಾಕೆಂದು ಕೇಳಿ. ಚಾಸಿಸ್ ಸೊಟ್ಟಗಿರುವ ಗಾಡಿಯನ್ನು ಎಷ್ಟೇ ಅಗ್ಗವಾದರೂ ಕಲಿಯುವವರಿಗೆ ಕೊಡಿಸಬೇಡಿ. ನೇರ ಹೋಗದ ಗಾಡಿಯಲ್ಲಿ ನೇರ ಹೋಗುವುದು ಹೇಗೆ ಎಂದು ಯಾರೂ ಕಲಿಯಲಾರರು.

ಅದೇ ಸ್ಟ್ಯಾಂಡಿನಲ್ಲಿ ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ನಿಧಾನ ಎಡಕ್ಕೆ ಬಲಕ್ಕೆ ತಿರುಗಿಸಿ. ಮಧ್ಯದಲ್ಲಿ ‘ಟಕ್’ ಎಂದು ಕೂತಂತಾದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಹೋಗಿದೆ. ಅನುಭವ ಇರುವವರು ಹೊಂದಿಕೊಂಡು ಓಡಿಸುತ್ತಾರೆ. ಹೊಸಬರಿಗೆ ನಿಧಾನದಲ್ಲಿ ಬ್ಯಾಲೆನ್ಸೇ ಸಿಗುವುದಿಲ್ಲ. ರಿಪೇರಿ ದೊಡ್ಡದಲ್ಲ, ಬೆಲೆಯಲ್ಲಿ ಕಳೆಯಿರಿ. ಫೋರ್ಕಿನ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್ ಬದಲಿಸಬೇಕು, ಅದೂ ಹಾಗೆಯೇ.

ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಭಾಗದಲ್ಲಿ ಹಿಡಿದು ಎಳೆಯಿರಿ. ಹಲ್ಲಿನಿಂದ ಅರ್ಧಕ್ಕೆ ಎದ್ದು ಬಂದರೆ ಪೂರ್ತಿ ಸೆಟ್ ಖರ್ಚು ನಿಮ್ಮದು. ಹಿಂದಿನ ಬ್ರೇಕಿನ ಡ್ರಮ್ಮಿನ ಮೇಲೆ ಸಣ್ಣ ಬಾಣದ ಗುರುತಿರುತ್ತದೆ, ಬ್ರೇಕು ಒತ್ತಿದಾಗ ಅದು ಗೆರೆ ದಾಟಿದರೆ ಶೂ ಮುಗಿದಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಅಚ್ಚು ಚೆನ್ನಾಗಿದ್ದರೂ ಪಕ್ಕದಲ್ಲಿ ಸೀಳಿದ್ದರೆ ಆ ಟೈರು ಲೆಕ್ಕಕ್ಕಿಲ್ಲ. ಪೆಟ್ರೋಲ್ ಮುಚ್ಚಳ ತೆಗೆದು ಫೋನಿನ ಟಾರ್ಚು ಬಿಟ್ಟು ನೋಡಿ. ವರ್ಷಗಟ್ಟಲೆ ನಿಂತ ಗಾಡಿಯ ಟ್ಯಾಂಕಿನೊಳಗೆ ಕೆಂಪು ತುಕ್ಕು ಕೂತಿರುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲು ನೀರನ್ನು ಹೀರುವುದರಿಂದ ಹೀಗೆ ನಿಲ್ಲಿಸಿಟ್ಟ ಗಾಡಿಗಳ ಕಾರ್ಬ್ಯುರೇಟರ್ ಕಾಟ ಜಾಸ್ತಿ.

ಈಗ ಸ್ಟಾರ್ಟ್ ಮಾಡಿಸಿ. ಸೆಲ್ಫ್ ಇದ್ದರೂ ಕಿಕ್ಕರಿನಲ್ಲಿ ಮಾಡಿಸಿ. ಚೋಕ್ ಎಳೆದು ಎರಡು ಮೂರು ಒದೆತಕ್ಕೆ ಬರಬೇಕು. ಒಂದೆರಡು ನಿಮಿಷ ಬಿಟ್ಟು ಚೋಕ್ ತೆಗೆದ ಮೇಲೆ, ಆಕ್ಸಿಲರೇಟರ್ ಮುಟ್ಟದೆ ಒಂದೇ ಸಮನೆ ಐಡ್ಲಿಂಗ್‌ನಲ್ಲಿ ನಿಲ್ಲಬೇಕು. ಕಲಿಯುವವರ ಮಟ್ಟಿಗೆ ಇಡೀ ತಪಾಸಣೆಯಲ್ಲಿ ಇದೇ ಮುಖ್ಯ. ಮಾರುವವರು ಮಾತಾಡುತ್ತಾ ಆಕ್ಸಿಲರೇಟರ್ ಮೇಲೆ ಕೈ ಇಟ್ಟೇ ಇದ್ದರೆ, ‘ಅಣ್ಣಾ, ಕೈ ತೆಗೀರಿ’ ಎಂದು ನೇರವಾಗಿ ಹೇಳಿ. ಹೊಗೆ ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ. ರಿಂಗು, ಬೋರು ಎಂದು ದೊಡ್ಡ ಖರ್ಚು, ಬಿಟ್ಟುಬಿಡಿ. ಕಪ್ಪಾಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಟ್ಯೂನಿಂಗ್‌ನಲ್ಲಿ ಸರಿಹೋಗಬಹುದು. ಚಳಿಯ ಬೆಳಿಗ್ಗೆ ತುಸು ಬಿಳಿ ಆವಿ ಬಂದು ನಿಂತರೆ ಅದು ಬರೀ ನೀರು.

6. ಓಡಿಸಿ ನೋಡುವುದು ನೀವಲ್ಲ

ಡಿಎಲ್ ಇರುವ, ನಿಮಗೆ ಬೇಕಾದವರಿಂದ ಓಡಿಸಿ. ಅವರಿಗೆ ಕೊಡಬೇಕಾದ ಪ್ರಶ್ನೆಗಳು ಇವು: ಮೂರನೇ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಕೊಟ್ಟರೆ ಸದ್ದು ಏರಿ ವೇಗ ಏರದೆ ಉಳಿಯುತ್ತದೆಯೇ? (ಕ್ಲಚ್ ಪ್ಲೇಟ್ ಹೋಗಿದೆ.) ಗೇರು ತಾನಾಗಿ ನ್ಯೂಟ್ರಲ್‌ಗೆ ಜಾರುತ್ತದೆಯೇ? (ಗೇರ್ ಬಾಕ್ಸ್ ಬಿಚ್ಚಬೇಕು, ಬೇಡ.) ಎರಡೂ ಬ್ರೇಕು ಬೇರೆ ಬೇರೆಯಾಗಿ ಹಿಡಿದಾಗ ಗಾಡಿ ನೇರ ನಿಲ್ಲುತ್ತದೆಯೇ? ಕ್ಲಚ್ ಲಿವರ್ ಬಿಡುವಾಗ ನಡುವಿನಲ್ಲೆಲ್ಲೋ ಮೆತ್ತಗೆ ಹಿಡಿಯುತ್ತದೆಯೋ, ಕೊನೆಯಲ್ಲಿ ತಟ್ಟನೆಯೋ? ಹತ್ತು ನಿಮಿಷ ಓಡಿ ಬಿಸಿಯಾದ ಮೇಲೆ ಆಫ್ ಮಾಡಿ, ಕೂಡಲೇ ಮತ್ತೆ ಸ್ಟಾರ್ಟ್ ಮಾಡಿದರೆ ಬರುತ್ತದೆಯೇ?

ಕೊನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ. ಟ್ರಾಫಿಕ್ಕಿನ ನಡುವೆ ಗಾಡಿ ಆಫ್ ಮಾಡಿಕೊಳ್ಳುವುದು ಹೊಸಬರೇ, ಬಿಸಿ ಎಂಜಿನ್ ಹಟ ಹಿಡಿದರೆ ಹಿಂದಿನ ಬಸ್ಸಿನ ಹಾರ್ನ್ ಕೇಳಬೇಕಾದವರೂ ಅವರೇ.

ಆಮೇಲೆ ನೀವೊಮ್ಮೆ ಎಂಜಿನ್ ಆಫ್ ಇರುವಾಗ ಕೂತು ಕ್ಲಚ್ ಹಿಡಿದು ನೋಡಿ. ಬೆರಳು ನೋಯುವಷ್ಟು ಗಟ್ಟಿಯಿದ್ದರೆ ಕೇಬಲ್ ಒಣಗಿದೆ, ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ.

7. ದುಡ್ಡು ಕೊಡುವ ಹೊತ್ತು

ಗಾಡಿಯನ್ನೂ ಮಾಲೀಕರನ್ನೂ ಕಣ್ಣಾರೆ ನೋಡದೆ ಒಂದು ರೂಪಾಯಿ ಅಡ್ವಾನ್ಸ್ ಬೇಡ. ಆನ್‌ಲೈನ್ ಜಾಹೀರಾತಿನಲ್ಲಿ ‘ನಾನು ಸೈನ್ಯದಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಗಾಡಿ ಪಾರ್ಸೆಲ್ ಕಳಿಸ್ತೇನೆ, ಸಾಗಾಟದ ಖರ್ಚು ಹಾಕಿ’ ಎನ್ನುವ ಮೋಸ ವರ್ಷಗಳಿಂದ ನಡೆದಿದೆ. ಗುರುತಿನ ಚೀಟಿ, ಸಮವಸ್ತ್ರದ ಫೋಟೋ ಎಲ್ಲ ಕಳಿಸುತ್ತಾರೆ. ಮೋಸಕ್ಕೆ ಬಿದ್ದಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೆಲೆ ಮಾತಾಡುವಾಗ ಕೊರತೆಗಳ ಪಟ್ಟಿ ಕಾಗದದಲ್ಲಿ ಬರೆದು ತೋರಿಸಿ, ಪ್ರತಿಯೊಂದಕ್ಕೂ ಸ್ಪೇರ್ ಪಾರ್ಟ್ಸ್ ಅಂಗಡಿಯ ದರ ಎದುರಿಗೆ ಹಾಕಿ. ‘ಸ್ವಲ್ಪ ಕಡಿಮೆ ಮಾಡ್ಕೊಳ್ಳಿ’ ಎಂದು ಬೇಡಿಕೊಳ್ಳುವುದಕ್ಕಿಂತ ಇದಕ್ಕೆ ಬೇಗ ಜಗ್ಗುತ್ತಾರೆ. ಹಣ ಯುಪಿಐ ಅಥವಾ ಬ್ಯಾಂಕಿನ ಮೂಲಕವೇ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹೋಗಲಿ. ಗಾಡಿ ಕೊಟ್ಟ ದಿನಾಂಕ ಮತ್ತು ಗಂಟೆ ಬರೆದ ಒಂದು ಹಾಳೆಗೆ ಇಬ್ಬರೂ ಸಹಿ ಹಾಕಿ. ಆ ಗಂಟೆಯವರೆಗಿನ ದಂಡ ಅವರದು, ಆಮೇಲಿನದು ನಿಮ್ಮದು.

8. ಹೆಸರು ಬದಲಾವಣೆ: ನಾಳೆ ಅನ್ನಬೇಡಿ

ಫಾರಂ 29 ಎರಡು ಪ್ರತಿ, ಫಾರಂ 30, ಇಬ್ಬರ ಗುರುತು ಮತ್ತು ವಿಳಾಸದ ದಾಖಲೆ, ವಿಮೆ, ಎಮಿಷನ್ ಸರ್ಟಿಫಿಕೇಟ್. ಖಾಲಿ ಫಾರಂಗಳಿಗೆ ಸಹಿ ಹಾಕಿಸಿಕೊಂಡು ಡ್ರಾಯರ್‌ನಲ್ಲಿ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ, ಒಳ್ಳೆಯ ಪದ್ಧತಿಯಲ್ಲ. ಅದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್. ಮಾರಿದವರು ‘ಆಮೇಲೆ ನೋಡೋಣ’ ಎಂದು ಎಳೆದಾಡಿದರೆ 2018ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಅವರಿಗೆ ಹೇಳಿ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ, ಗಾಡಿ ಕೈ ಬದಲಾಗಿದ್ದರೂ ಸರಿ. ಇದನ್ನು ಕೇಳಿದ ಮೇಲೆ ಸಾಮಾನ್ಯವಾಗಿ ನಿಮಗಿಂತ ಅವರಿಗೇ ಅವಸರ.

ಅರ್ಜಿ ವಾಹನ್ ಪೋರ್ಟಲ್‌ನಲ್ಲಿ. ಒಟಿಪಿ ಹೋಗುವುದು ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆಗೆ. ಆ ಸಿಮ್ ಮಾರುವವರ ಬಳಿ ಇನ್ನೂ ಇದೆಯೇ ಎಂದು ಹಣ ಕೊಡುವ ಮೊದಲೇ ಕೇಳಿ. ಸರ್ಕಾರಿ ಶುಲ್ಕ ನೂರರ ಲೆಕ್ಕದಲ್ಲಿ ಮುಗಿಯುತ್ತದೆ, ಏಜೆಂಟರು ಕೇಳುವುದು ಸಾವಿರದ ಲೆಕ್ಕದಲ್ಲಿ. ಬೇರೆ ಜಿಲ್ಲೆಯ ಗಾಡಿಯಾದರೆ ಇನ್ನೇನು ಬೇಕು ಎಂದು ನಿಮ್ಮ ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಿ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದೆ ಇದ್ದುದಕ್ಕೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ.

9. ಮನೆಗೆ ತಂದ ಮೇಲೆ

ಮಾರಿದವರು ‘ಮೊನ್ನೆ ತಾನೆ ಸರ್ವಿಸ್ ಮಾಡಿಸಿದ್ದು’ ಎಂದಿದ್ದರೂ ಎಂಜಿನ್ ಆಯಿಲ್ ಬದಲಿಸಿ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ನೋಡಿಸಿ. ಕ್ಲಚ್, ಆಕ್ಸಿಲರೇಟರ್ ಎರಡೂ ಕೇಬಲ್ ಹೊಸದು ಹಾಕಿಸಿ. ಕ್ಲಚ್ ಲಿವರ್ ಒಂದು ಹೆಚ್ಚಿಗೆ ತಂದು ಮನೆಯಲ್ಲಿಡಿ, ಬೇಕಾಗುತ್ತದೆ. ಸಾರಿ ಗಾರ್ಡ್ ಕಿತ್ತು ಹಾಕಿದ್ದರೆ ಮತ್ತೆ ಹಾಕಿಸಿ, ಚಂದ ಕಾಣದಿದ್ದರೂ ಅದು ನಿಯಮದಲ್ಲಿದೆ.

ಎಲ್‌ಎಲ್‌ಆರ್ ಇಲ್ಲದೆ ಖಾಲಿ ರಸ್ತೆಯಲ್ಲೂ ಹತ್ತಬೇಡಿ. ಗೇರ್ ಇರುವ ಬೈಕಿಗೆ 18 ತುಂಬಿರಬೇಕು. ತುಂಬದ ಮಕ್ಕಳಿಗೆ ಗಾಡಿ ಕೊಟ್ಟರೆ ಪೋಷಕರಿಗೋ ಮಾಲೀಕರಿಗೋ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಎಂದು 2019ರ ತಿದ್ದುಪಡಿ ಹೇಳುತ್ತದೆ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟಿಗೆ ಹೋಗಬಹುದು. ಅಲ್ಲಿಯವರೆಗೆ ಮುಂದೆ ಹಿಂದೆ ಕೆಂಪು ಎಲ್ ಇರಲಿ. ಹಿಂದಿನ ಸೀಟಿನಲ್ಲಿ ಕಲಿಸುವ, ಡಿಎಲ್ ಇರುವವರ ಹೊರತು ಇನ್ನಾರೂ ಕೂರಬಾರದು, ಬಸ್ ತಪ್ಪಿಸಿಕೊಂಡ ಗೆಳೆಯರೂ ಸೇರಿ.

ಟೆಸ್ಟಿಗೆ ಗಾಡಿ ನೀವೇ ಒಯ್ಯಬೇಕು. ಅದರ ವಿಮೆ, ಎಮಿಷನ್, ಆರ್‌ಸಿ ಎಲ್ಲ ಚಾಲ್ತಿಯಲ್ಲಿದ್ದು ಜೊತೆಗಿರಲಿ. ಎಂಟು ಹಾಕಿಸುತ್ತಾರೆ. ಕಾಲು ನೆಲಕ್ಕೆ ಇಡದೆ, ಮೊದಲ ಗೇರಿನಲ್ಲಿ, ಅರ್ಧ ಕ್ಲಚ್ ಹಿಡಿದು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿಕೊಂಡು ತಿರುಗಿಸಬೇಕು. ಹಿಂದಿನ ವಾರವೇ ಮೆಕ್ಯಾನಿಕ್ ಹತ್ತಿರ ಐಡ್ಲಿಂಗ್ ತುಸು ಏರಿಸಿಕೊಂಡು ಅದೇ ಗಾಡಿಯಲ್ಲಿ ಮೈದಾನದಲ್ಲಿ ಸುತ್ತು ಹಾಕಿ ರೂಢಿ ಮಾಡಿಕೊಂಡು ಹೋಗಿ. ಟೆಸ್ಟಿನ ಬೆಳಿಗ್ಗೆ ಮಾತ್ರ ಗಾಡಿಗೆ ಏನನ್ನೂ ಮಾಡಿಸಬೇಡಿ.